ಹಳೆಯ ಜಾಗ್ವಾರ್‌ಗೆ ಟರ್ಬೊ ಹಾಕಿದರೆ ವೇಗ ಬರುತ್ತದೆಯೇ?

ಹಳೆಯ ಐಷಾರಾಮಿ ಕಾರಿಗೆ ಟರ್ಬೊ ಕೂರಿಸಿದರೆ ಸಾಕು, ಹೊಸ ಕಾರನ್ನೂ ಹಿಂದಿಕ್ಕುತ್ತದೆ ಎಂಬ ನಂಬಿಕೆ ಇದೆ. ಬ್ರಿಟನ್ನಿನ ಜಾಗ್ವಾರ್ ಎಕ್ಸ್‌ಜೆ-ಎಸ್ ವಿಷಯದಲ್ಲಿ ಹೀಗೆ ಮಾಡಿದರೆ ಎಂಜಿನ್ನೇ ಹಾಳಾಗಬಹುದು.

1975ರಿಂದ 1996ರವರೆಗೆ ತಯಾರಾದ ಈ ಎರಡು ಬಾಗಿಲಿನ ಕಾರಿಗೆ ಹೆಸರು ತಂದದ್ದು 5.3 ಲೀಟರ್‌ನ, 12 ಸಿಲಿಂಡರ್‌ಗಳ ಎಂಜಿನ್. ಅದರ ಬ್ಲಾಕ್, ಹೆಡ್ ಎರಡೂ ಅಲ್ಯೂಮಿನಿಯಂ. ವಾಲ್ವ್ ಕೂರುವ ಸೀಟ್ ಮಾತ್ರ ಬೇರೆ ಲೋಹದ ಬಳೆ. ಅದನ್ನು ಹೆಡ್‌ನೊಳಗೆ ಬಿಗಿಯಾಗಿ ಒತ್ತಿ ಕೂರಿಸಿರುತ್ತಾರೆ. ಬಿಸಿಯಾದಾಗ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ರೇಡಿಯೇಟರ್‌ನಲ್ಲಿ ಕೆಸರು ಕಟ್ಟಿ ಎಂಜಿನ್ ಅತಿಯಾಗಿ ಕಾದರೆ ಬಳೆಯ ಹಿಡಿತ ಸಡಿಲಾಗಿ ಅದು ಕಳಚಿಕೊಳ್ಳುತ್ತದೆ. ಹೊಳೆಯುವ ಬಣ್ಣ ನೋಡಿ ಕಾರು ಕೊಳ್ಳುವವರಿಗೆ ಇದು ಕಾಣುವುದೇ ಇಲ್ಲ.

1981ರಲ್ಲಿ ಬಂದ ಎಚ್‌ಇ ಮಾದರಿಯ ಕಂಪ್ರೆಷನ್ ಅನುಪಾತ 12.5:1ರಷ್ಟು ಹೆಚ್ಚು. ಅದರ ಮೇಲೆ ಟರ್ಬೊ ಇನ್ನಷ್ಟು ಗಾಳಿ ತುಂಬಿದರೆ ಇಂಧನ ಅಕಾಲದಲ್ಲಿ ಸಿಡಿದು ಪಿಸ್ಟನ್ ಒಡೆಯಬಹುದು. ಹಾಗಾಗಿ ಮೊದಲ ಖರ್ಚು ರೇಡಿಯೇಟರ್, ಹೋಸ್, ಫ್ಯಾನ್‌ಗಳಿಗೆ.

ಎರಡನೆಯದು ಇಗ್ನಿಷನ್. 1989ರ ನಂತರದ ಮರೆಲ್ಲಿ ವ್ಯವಸ್ಥೆಯಲ್ಲಿ ಒಂದು ಸಾಲಿನ ಆರು ಸಿಲಿಂಡರ್‌ಗಳಿಗೆ ಕಿಡಿ ನಿಂತರೂ ಕಾರು ಓಡುತ್ತಲೇ ಇರಬಹುದು. ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತದೆ. ಕಾರಿಗೇ ಬೆಂಕಿ ಹತ್ತುವ ಅಪಾಯವಿದೆ. ಡಿಸ್ಟ್ರಿಬ್ಯೂಟರ್ ಕ್ಯಾಪ್, ರೋಟರ್ ಬದಲಿಸುವುದು ಇದಕ್ಕೇ.

ವೇಗ ಇಮ್ಮಡಿಯಾದರೆ ಬ್ರೇಕ್ ಹೀರಬೇಕಾದ ಶಕ್ತಿ ನಾಲ್ಕು ಪಟ್ಟು. ಬಹುಪಾಲು ಎಕ್ಸ್‌ಜೆ-ಎಸ್‌ಗಳ ಹಿಂದಿನ ಡಿಸ್ಕ್‌ಗಳು ಚಕ್ರದಲ್ಲಿಲ್ಲ, ಡಿಫರೆನ್ಷಿಯಲ್‌ಗೆ ಅಂಟಿಕೊಂಡಿವೆ. ಅವುಗಳ ಬಿಸಿಗೆ ಆಯಿಲ್ ಸೀಲ್ ಸುಟ್ಟು ಎಣ್ಣೆ ಸೋರುತ್ತದೆ. ಇವೆಲ್ಲ ಸರಿಯಾದ ಮೇಲೆ, ಮೂರು ಗೇರಿನ ಆಟೊಮ್ಯಾಟಿಕ್ ತೆಗೆದು ಐದು ಗೇರಿನ ಮ್ಯಾನ್ಯುಯಲ್ ಹಾಕಿದರೆ ಅದೇ ಎಂಜಿನ್ ಎಷ್ಟೋ ಚುರುಕಾಗುತ್ತದೆ.