ಅಧ್ಯಾಹಾರಗೊಂಡ ಆರ್ಗ್ಯುಮೆಂಟುಗಳು: ಫೋರ್ಟ್ರಾನ್‌ನಿಂದ ಪೈಥಾನ್‌ಗೆ

ಸ್ವರಗಳ ಫಾರ್ಮೆಂಟುಗಳನ್ನು ಅಳೆಯುವ ಸಂಶೋಧನಾರ್ಥಿಗಳು ವಿಧಾನದ ಅಧ್ಯಾಯದಲ್ಲಿ ‘ಪೈಥಾನ್ ಬಳಸಲಾಗಿದೆ’ ಎಂದಷ್ಟೇ ಬರೆಯುವುದು ವಾಡಿಕೆ. ರೇಖೀಯ ಮುನ್ಸೂಚನೆಯಿಂದ ದೊರೆತ ಬಹುಪದಿಯ ಮೂಲಗಳನ್ನು ನಂಪೈ ಹುಡುಕುವಾಗ ಆ ಪ್ರಶ್ನೆಯನ್ನು ಒಂದು ಮಾತೃಕೆಯ ಐಗನ್ ಮೌಲ್ಯಗಳ ಲೆಕ್ಕವಾಗಿ ಮಾರ್ಪಡಿಸುತ್ತದೆ. ಆ ಲೆಕ್ಕವನ್ನು ಮಾಡುವುದು ಪೈಥಾನ್ ಅಲ್ಲ. 1992ರಲ್ಲಿ ಮೊದಲು ಬಿಡುಗಡೆಯಾದ ಲ್ಯಾಪ್ಯಾಕ್ ಎಂಬ ಫೋರ್ಟ್ರಾನ್ ಸಂಗ್ರಹದ ‘ಡಿಜಿಇಇವಿ’ ಎಂಬ ಸಬ್‌ರುಟೀನ್. ಲ್ಯಾಪ್ಯಾಕ್‌ನ ಪೂರ್ವಜ 1970ರ ದಶಕದ ಐಸ್‌ಪ್ಯಾಕ್; ಅದರ ಹಿಂದೆ ವಿಲ್ಕಿನ್‌ಸನ್ ಮತ್ತು ರೈನ್ಷ್ ಅವರ 1971ರ ಗ್ರಂಥದಲ್ಲಿನ ಆಲ್ಗಾಲ್ ಕ್ರಮವಿಧಿಗಳಿವೆ.

ಈ ಹೆಸರೇ ಪದರಚನೆಯ ಒಂದು ಪುಟ್ಟ ಪಾಠ. ‘ಡಿ’ ಎಂದರೆ ದುಪ್ಪಟ್ಟು ನಿಖರತೆ, ‘ಜಿಇ’ ಸಾಮಾನ್ಯ ಮಾತೃಕೆ, ‘ಇವಿ’ ಐಗನ್ ಮೌಲ್ಯ. ಹೆಸರಿಗೆ ಆರೇ ಅಕ್ಷರ ಎಂಬ ಫೋರ್ಟ್ರಾನ್ 77ರ ಮಿತಿ ಈ ಅಡಕವನ್ನು ಅನಿವಾರ್ಯಗೊಳಿಸಿತು.

ಇಂಥ ಹಳೆಯ ಕೃತಿಯನ್ನು ಪೈಥಾನ್‌ಗೆ ತರುವ ಒಂದು ದಾರಿ ಭಾಷಾಂತರ. ನಂಪೈಯೊಡನೆ ಬರುವ ಲ್ಯಾಪ್ಯಾಕ್‌ನ ಕಿರುಪ್ರತಿಯು ಯಂತ್ರವೇ ಸಿ ಭಾಷೆಗೆ ಪರಿವರ್ತಿಸಿದ್ದು. ಅದನ್ನು ಓದುವುದು ಮನುಷ್ಯರಿಗೆ ಕಷ್ಟ. ಇನ್ನೊಂದು ದಾರಿ, ಮೂಲವನ್ನು ಮುಟ್ಟದೆ ಹೊದಿಕೆ ತೊಡಿಸುವುದು. ಪೆಯಾರು ಪೀಟರ್ಸನ್ 1999ರಲ್ಲಿ ಹೊರತಂದ ಎಫ್‌ಟುಪೈ ಈ ದಾರಿಯದು. 2001ರಲ್ಲಿ ಆರಂಭವಾದ ಸೈಪೈ ಹಳೆಯ ಫೋರ್ಟ್ರಾನನ್ನು ತನ್ನೊಳಗೆ ತಂದುಕೊಂಡದ್ದು ಬಹುಮಟ್ಟಿಗೆ ಇದರಿಂದಲೇ.

ಎಫ್‌ಟುಪೈಯ ಸಹಿಕಡತದಲ್ಲಿ ಪ್ರತಿಯೊಂದು ಆರ್ಗ್ಯುಮೆಂಟಿನ ಪಾತ್ರವೂ ನಿಗದಿಯಾಗುತ್ತದೆ: ಒಳಬರುವುದು, ಹೊರಹೋಗುವುದು, ಮರೆಯಾಗಿರುವುದು. ಇದನ್ನು ಕಾರಕನಿರ್ಣಯ ಎನ್ನುವುದೇ ಸರಿಯೆಂದು ನನ್ನ ಅಭಿಪ್ರಾಯ. ಡಿಜಿಇಇವಿ 14 ಆರ್ಗ್ಯುಮೆಂಟುಗಳನ್ನು ಬೇಡುತ್ತದೆ; ಸೈಪೈಯ ಹೊದಿಕೆಗೆ ಕಡ್ಡಾಯವಾಗಿ ಬೇಕಾದದ್ದು ಮಾತೃಕೆಯೊಂದೇ. ಗಾತ್ರ, ಕೆಲಸದ ಸ್ಮೃತಿ ಮುಂತಾದವು ಸಂದರ್ಭದಿಂದ ಒದಗುತ್ತವೆ. ನಮ್ಮ ವೈಯಾಕರಣರಾದರೆ ಇದನ್ನು ಅಧ್ಯಾಹಾರ ಎನ್ನುತ್ತಿದ್ದರು.

ಆದರೆ ಫೋರ್ಟ್ರಾನ್ 77ರಲ್ಲಿ ಪಾತ್ರವನ್ನು ಸೂಚಿಸುವ ಪ್ರತ್ಯಯವಿಲ್ಲ. ಆ ಸೌಲಭ್ಯ ಬಂದದ್ದು ಫೋರ್ಟ್ರಾನ್ 90ರಲ್ಲಿ. ಹಾಗಾಗಿ ಯಾರಾದರೊಬ್ಬರು ಹಳೆಯ ಟಿಪ್ಪಣಿಗಳನ್ನು ಓದಿ, ಅರ್ಥೈಸಿ, ಬರೆದುಕೊಡಬೇಕು. ಬರೆಯದಿದ್ದರೆ ಎಫ್‌ಟುಪೈ ಎಲ್ಲವನ್ನೂ ಒಳಬರುವುದೆಂದೇ ಭಾವಿಸುತ್ತದೆ. ಆಗ ಸ್ಮೃತಿಯಲ್ಲಿನ ಜೋಡಣೆ ಹೊಂದಿದರೆ ಫಲಿತಾಂಶ ಮೂಲ ಅರೇಯಲ್ಲೇ ಮೂಡುತ್ತದೆ. ಹೊಂದದಿದ್ದರೆ ಒಂದು ನಕಲಿನಲ್ಲಿ ಮೂಡಿ, ಯಾವ ದೋಷಸೂಚನೆಯೂ ಇಲ್ಲದೆ ಕಳೆದುಹೋಗುತ್ತದೆ. ಅದೇ ಕರೆ, ಬೇರೆ ಉತ್ತರ.

ಈಚೆಗೆ ಸೈಪೈಯೊಳಗಿನ ಹಳೆಯ ಫೋರ್ಟ್ರಾನ್ ಭಾಗಗಳನ್ನು ಸಿ ಭಾಷೆಯಲ್ಲಿ ಮರುಬರೆಯುವ ಕೆಲಸ ಸಾಗಿದೆ. ನಿರ್ವಹಣೆಯ ದೃಷ್ಟಿಯಿಂದ ಅದಕ್ಕೆ ಆಕ್ಷೇಪವಿಲ್ಲ. ಮರುಬರೆದ ಭಾಗಗಳ ಸಹಿಕಡತಗಳು ಮಾತ್ರ ಹಳೆಯ ಆವೃತ್ತಿಗಳಲ್ಲಷ್ಟೇ ಉಳಿಯುತ್ತವೆ. ಆ ಟಿಪ್ಪಣಿಗಳನ್ನು ಒಬ್ಬರು ಹೇಗೆ ಓದಿಕೊಂಡರು ಎಂಬುದಕ್ಕೆ ಲಿಖಿತ ಸಾಕ್ಷ್ಯ ಅವೇ.