ಒಪ್ಪಿಗೆಯಾಗದ ರಾಜಿ: ಫರ್ಹಾದಿಯವರ ಚಿತ್ರದಲ್ಲಿ ದಾಂಪತ್ಯ, ಕಾನೂನು ಮತ್ತು ನೋಡುಗ

ಅಸ್ಗರ್ ಫರ್ಹಾದಿಯವರು 2011ರಲ್ಲಿ ತೆರೆಗೆ ತಂದ ಚಿತ್ರ ಹೊರಜಗತ್ತಿಗೆ ಗೊತ್ತಿರುವುದು 'ಎ ಸೆಪರೇಷನ್' ಎಂದು. ಪಾರಸಿಯಲ್ಲಿ ಅದರ ಹೆಸರು 'ಜೊದಾಯಿಯೆ ನಾದೆರ್ ಅಜ್ ಸೀಮೀನ್', ಅಂದರೆ ಸೀಮೀನಳಿಂದ ನಾದೆರನ ಅಗಲಿಕೆ. ಕಾನೂನಿನ ಮಾತಾದ 'ತಲಾಖ್' ಈ ಹೆಸರಿನಲ್ಲಿಲ್ಲ. ಅದಕ್ಕಿಂತ ಮುಖ್ಯವಾದದ್ದು 'ಅಜ್' ಎಂಬ ಪುಟ್ಟ ಪದ, ನಮ್ಮ 'ಇಂದ' ವಿಭಕ್ತಿಯ ಕೆಲಸವನ್ನು ಮಾಡುವಂಥದ್ದು. ಕಥೆಯಲ್ಲಿ ಗಂಟುಮೂಟೆ ಕಟ್ಟಿ ತವರಿಗೆ ನಡೆಯುವವಳು ಸೀಮೀನ್. ಶೀರ್ಷಿಕೆಯ ವ್ಯಾಕರಣದಲ್ಲಿ ಅಗಲುವವನು ನಾದೆರ್. ಮನೆಯಲ್ಲೇ ಉಳಿದವನು ಬಿಟ್ಟುಹೋದವನೂ ಆಗಬಲ್ಲ ಎಂಬ ಈ ಸೂಚನೆಯನ್ನು ವಿಮರ್ಶೆ ಸಾಕಷ್ಟು ಗಮನಿಸಿಲ್ಲವೆಂದು ನನ್ನ ಭಾವನೆ. ಚಿತ್ರವನ್ನು ಆ 'ಇಂದ'ದ ಕಡೆಯಿಂದ ಓದುವುದು ಈ ಲೇಖನದ ಉದ್ದೇಶ.

ಹೆಸರುಗಳು ಮೂಡುವಾಗ ತೆರೆಯ ಮೇಲೆ ನೆರಳಚ್ಚಿನ ಯಂತ್ರದ ಬೆಳಕು ಹರಿದಾಡುತ್ತದೆ. ಗುರುತಿನ ಕಾಗದಪತ್ರಗಳು ಒಂದೊಂದಾಗಿ ಬಂದು ಹೋಗುತ್ತವೆ. ಆಮೇಲೆ ಗಂಡಹೆಂಡಿರು ಅಕ್ಕಪಕ್ಕ ಕೂತು ನೇರ ನಮ್ಮತ್ತ ಮಾತಾಡುತ್ತಾರೆ. ನ್ಯಾಯಾಧೀಶರ ದನಿ ಮಾತ್ರ ಕೇಳುತ್ತದೆ, ಮುಖವಿಲ್ಲ. ಕ್ಯಾಮೆರಾ ಇರುವುದು ಅವರ ಕುರ್ಚಿಯಲ್ಲಿ. ಸೀಮೀನ್ ಮಗಳು ತೆರ್ಮೆಯೊಂದಿಗೆ ದೇಶ ಬಿಟ್ಟು ಹೋಗಬೇಕೆನ್ನುತ್ತಾಳೆ. ಮರೆವಿನ ಕಾಯಿಲೆಯ ತಂದೆಯನ್ನು ಬಿಟ್ಟು ಬರಲಾರೆ, ಮಗಳನ್ನೂ ಕಳಿಸಲಾರೆ ಎನ್ನುತ್ತಾನೆ ನಾದೆರ್. ಗಂಡನಲ್ಲೇನು ದೋಷ ಎಂದರೆ ಸೀಮೀನ್ ಹೇಳುವುದು, ಅವನು ಒಳ್ಳೆಯವನು ಎಂದೇ.

ಆ ಉತ್ತರದಿಂದ ಅವಳ ಅರ್ಜಿ ಬಲಹೀನವಾಗುತ್ತದೆ. ಇರಾನಿನ ನಾಗರಿಕ ಸಂಹಿತೆಯ 1133ನೆಯ ವಿಧಿ ವಿಚ್ಛೇದನದ ಅಧಿಕಾರವನ್ನು ಮೂಲತಃ ಗಂಡನಿಗೆ ಕೊಟ್ಟಿದೆ. ಹೆಂಡತಿ ಸಹಿಸಲಾಗದ ಸಂಕಷ್ಟವನ್ನು ಸಾಬೀತುಪಡಿಸಿದರೆ 1130ನೆಯ ವಿಧಿ ಅವಳಿಗೆ ದಾರಿ ಮಾಡಿಕೊಡುತ್ತದೆ. 2002ರಲ್ಲಿ ಅದಕ್ಕೆ ಸೇರಿಸಿದ ಟಿಪ್ಪಣಿ ಗಂಡ ಮನೆ ತೊರೆಯುವುದು, ಮಾದಕ ವ್ಯಸನ, ಹೊಡೆತಬಡಿತ ಮುಂತಾದವನ್ನು ಉದಾಹರಿಸುತ್ತದೆ. ಸೀಮೀನಳ ನೋವಿಗೆ ಆ ಪಟ್ಟಿಯಲ್ಲಿ ಕಲಮಿಲ್ಲ. ಹೋಗಬೇಡ ಎಂದು ಅವನು ಒಂದು ಸಲವೂ ಅನ್ನಲಿಲ್ಲ ಎಂಬುದು ಅವಳ ದುಃಖ. ಇಂಥದ್ದನ್ನು ಯಾವ ಕೋರ್ಟಿನಲ್ಲಿ ಸಾಬೀತುಪಡಿಸುವುದು? ಜೀಬಾ ಮೀರ್ ಹುಸೇನಿ ಮತ್ತು ಕಿಮ್ ಲಾಂಗಿನೊಟ್ಟೊ 1998ರ ತಮ್ಮ ಸಾಕ್ಷ್ಯಚಿತ್ರದಲ್ಲಿ ತೆಹರಾನಿನ ಕುಟುಂಬ ನ್ಯಾಯಾಲಯದೊಳಕ್ಕೇ ಹೋಗಿದ್ದರು. ಅಲ್ಲಿಯ ಹೆಂಗಸರು ಕಾನೂನಿನ ಮಾತನ್ನೇ ಹಿಡಿದು ವಾದಿಸಿ, ಕಾಡಿ, ತಮಗೆ ಬೇಕಾದದ್ದನ್ನು ದಕ್ಕಿಸಿಕೊಳ್ಳಲು ಹೆಣಗುತ್ತಾರೆ. ಸೀಮೀನಳಿಗೆ ಹಿಡಿಯಲು ಅಂಥ ಮಾತೇ ಇಲ್ಲ.

ನಮ್ಮನ್ನು ಆ ಕುರ್ಚಿಯಲ್ಲಿ ಕೂರಿಸಿದ ಫರ್ಹಾದಿ ನಾವೆಂಥ ಸಾಕ್ಷಿಗಳೆಂಬುದನ್ನೂ ತೋರಿಸುತ್ತಾರೆ. ಸೀಮೀನ್ ಮನೆ ಬಿಡುವ ದಿನ ಸಾಮಾನು ಸಾಗಿಸುವ ಕೂಲಿಗಳು ಹೆಚ್ಚು ಹಣ ಕೇಳುತ್ತಾರೆ. ಅವಳು ಡ್ರಾಯರಿನಿಂದ ತೆಗೆದು ಕೊಡುತ್ತಾಳೆ. ಮುದುಕನನ್ನು ನೋಡಿಕೊಳ್ಳಲು ಬಂದ ಬಡ ಗರ್ಭಿಣಿ ರಾಜಿಯೆಯ ಮೇಲೆ ನಾದೆರ್ ಕಳವಿನ ಆರೋಪ ಹೊರಿಸುವುದು ಆ ಡ್ರಾಯರಿನ ಹಣಕ್ಕಾಗಿಯೇ. ಮೊದಲ ಸಲ ನೋಡಿದಾಗ ಈ ಎರಡನ್ನೂ ನಾನು ಜೋಡಿಸಿಕೊಳ್ಳಲಿಲ್ಲ. ಎರಡನೆಯ ಸಲ ಅದು ಕಣ್ಣಿಗೆ ಬಿದ್ದಾಗ ನಾಚಿಕೆಯಾಯಿತು: ಅವಳ ನಿರಪರಾಧವನ್ನು ಕಣ್ಣಾರೆ ಕಂಡೂ ನಾನು ಮರೆತಿದ್ದೆ.

ನಾದೆರ್ ಅವಳನ್ನು ಬಾಗಿಲಾಚೆ ನೂಕುತ್ತಾನೆ. ಗರ್ಭ ಇಳಿಯುತ್ತದೆ. ಮನದ ನೋವಿಗೆ ಕಿವಿಗೊಡದ ನ್ಯಾಯವ್ಯವಸ್ಥೆಗೆ ಈಗ ತನಗೆ ಅರ್ಥವಾಗುವ ಮೊಕದ್ದಮೆ ಸಿಗುತ್ತದೆ: ಜೀವಹಾನಿ, ಸಾಕ್ಷಿ, ಜಾಮೀನು, ರಕ್ತಪರಿಹಾರದ ಹಣ.

ಇಲ್ಲಿ ಕನ್ನಡ ಕಿವಿಗೆ ಒಂದು ಹೆಸರು ತಾಗುತ್ತದೆ. ನಮ್ಮ ಕೋರ್ಟುಕಚೇರಿಯ ವಕೀಲ, ಜಾಮೀನು, ರಾಜಿ ಮುಂತಾದ ಮಾತುಗಳು ಅರಬ್ಬಿಯಲ್ಲಿ ಹುಟ್ಟಿ ಪಾರಸಿಯ ಆಡಳಿತ ಭಾಷೆಯ ಮೂಲಕ ಬಂದವು. 'ರಾಜಿ' ಮತ್ತು ಆ ಹೆಣ್ಣಿನ ಹೆಸರು 'ರಾಜಿಯೆ' ಒಂದೇ ಧಾತುವಿನವು. ಮೂಲದಲ್ಲಿ ಅದರ ಅರ್ಥ ಒಪ್ಪಿದ, ತೃಪ್ತವಾದ ಮನಸ್ಸು. ಕನ್ನಡದಲ್ಲಿ ರಾಜಿಯೆಂದರೆ ಜಗಳ ಮುಗಿಸುವ ಒಪ್ಪಂದವಾಯಿತು, ಮನಸ್ಸಿನ ಮಾತು ಹಿಂದೆ ಸರಿಯಿತು. ಚಿತ್ರದಲ್ಲಿ ಎರಡೂ ಎದುರುಬದುರಾಗುತ್ತವೆ. ಸೀಮೀನ್ ಹಣದ ಏರ್ಪಾಟು ಮಾಡುತ್ತಾಳೆ, ಚೆಕ್ಕುಗಳು ಸಿದ್ಧವಾಗುತ್ತವೆ. ಗರ್ಭ ಹೋದದ್ದು ನನ್ನಿಂದಲೇ ಎಂದು ರಾಜಿಯೆ ಕುರಾನ್ ಮುಟ್ಟಿ ಹೇಳಲಿ ಎನ್ನುತ್ತಾನೆ ನಾದೆರ್. ಹಿಂದಿನ ದಿನ ಬೀದಿಗಿಳಿದ ಮುದುಕನನ್ನು ಕರೆತರಲು ಹೋದ ರಾಜಿಯೆಗೆ ಕಾರು ಬಡಿದಿತ್ತು. ಆ ಕ್ಷಣವನ್ನು ಚಿತ್ರ ನಮಗೆ ತೋರಿಸಿರುವುದಿಲ್ಲ. ಸಂದೇಹವಿಟ್ಟುಕೊಂಡು ಪಡೆದ ಹಣ ತನ್ನ ಮಗಳಿಗೆ ಕೇಡು ತಂದೀತೆಂಬ ಭಯ ಅವಳದು. ಸಾಲಗಾರರು ಮನೆಯಲ್ಲೇ ಕೂತಿದ್ದರೂ, ಗಂಡ ಅಂಗಲಾಚಿದರೂ ಅವಳು ಆಣೆ ಇಡುವುದಿಲ್ಲ. ಇಡೀ ಚಿತ್ರದಲ್ಲಿ ನನಗೆ ಅತ್ಯಂತ ಎತ್ತರವಾಗಿ ಕಾಣುವ ಗಳಿಗೆ ಇದು.

ನಾದೆರ್ ಆಣೆ ಕೇಳಿದ್ದು ನ್ಯಾಯಕ್ಕಾಗಿಯೋ ಗೆಲ್ಲುವುದಕ್ಕೋ? ಅವನನ್ನು ಕೆಟ್ಟವನೆನ್ನಲಾಗದು, ತಂದೆಗೆ ಸ್ನಾನ ಮಾಡಿಸುತ್ತಾ ಆ ಬೆನ್ನಿಗೆ ತಲೆಯಾನಿಸಿ ಅಳುವವನು ಅವನು. ಆದರೆ ಅದೇ ಅಳುವನ್ನು ಹೆಂಡತಿಯ ಮುಂದೆ ಅಳಲಾರ. ಇರಾನಿನ ಚಿತ್ರನಿಯಮಗಳ ಪ್ರಕಾರ ತೆರೆಯ ಮೇಲಿನ ಗಂಡಹೆಂಡಿರು ಒಬ್ಬರನ್ನೊಬ್ಬರು ಮುಟ್ಟುವಂತಿಲ್ಲ, ಮನೆಯೊಳಗೂ ಹೆಣ್ಣಿನ ತಲೆಯ ಮೇಲೆ ವಸ್ತ್ರವಿರಬೇಕು. ಫರ್ಹಾದಿ ಆ ನಿರ್ಬಂಧದಿಂದಲೇ ಅರ್ಥ ಹೊರಡಿಸಿದ್ದಾರೆ. ಸೀಮೀನ್ ಹೊರಟಾಗ ಅವಳ ಕೈ ಹಿಡಿದು ಬಿಡದವನು ಮಾತು ಮರೆತ ಮಾವ. ನಾದೆರ್ ಮಾಡಬೇಕಿದ್ದದ್ದನ್ನು ಮುದುಕನ ಕೈ ಮಾಡುತ್ತದೆ.

ಕೊನೆಗೆ ಯಾರ ಜೊತೆ ಇರುತ್ತೀಯೆಂದು ನ್ಯಾಯಾಧೀಶರು ತೆರ್ಮೆಯನ್ನು ಕೇಳುತ್ತಾರೆ. ಒಂಬತ್ತು ಚಾಂದ್ರಮಾನ ವರ್ಷಕ್ಕೆ ಹೆಣ್ಣುಮಗುವನ್ನು ಪ್ರೌಢೆಯೆಂದು ಎಣಿಸುವ ಕಾನೂನು ಹನ್ನೊಂದರ ಈ ಹುಡುಗಿಯ ಹೆಗಲಿಗೆ ಆ ಪ್ರಶ್ನೆಯನ್ನು ಏರಿಸಿದೆ. ತಂದೆಯನ್ನು ಉಳಿಸಲು ಒಮ್ಮೆ ಸುಳ್ಳು ಹೇಳಿದ ಹುಡುಗಿ ಈಗ ಅಳುತ್ತಾ, ತೀರ್ಮಾನಿಸಿದ್ದೇನೆ, ಅಪ್ಪ ಅಮ್ಮ ಹೊರಗಿರಲಿ ಎನ್ನುತ್ತಾಳೆ. ಕಪ್ಪು ಬಟ್ಟೆಯ ಇಬ್ಬರೂ ಹೊರಬಂದು ಓಣಿಯಲ್ಲಿ ಗಾಜಿನ ಬಾಗಿಲಿನ ಆಚೀಚೆ ಕಾಯುತ್ತಾರೆ. ಅವರ ಜೊತೆ ಕ್ಯಾಮೆರಾ ಕೂಡ ಹೊರಗೆ ಬಂದಿದೆ. ಒಳಗಿನ ಕುರ್ಚಿಯಲ್ಲಿ ಈಗ ನಾವಿಲ್ಲ. ತೆರ್ಮೆಯ ಉತ್ತರ ಕೇಳದು, ಜನ ಓಡಾಡುತ್ತಿರುತ್ತಾರೆ, ಹೆಸರುಗಳು ಮೇಲೇರತೊಡಗುತ್ತವೆ.