ಒಂದು ಹೋರಿ, ಒಂದು ಅಕ್ಷರದ ತಪ್ಪು

ಕೊಪ್ಪಳದ ಕೋಟೆ, ಅಶೋಕನ ಶಾಸನ ಎಲ್ಲಾ ಹಿಂದಿನ ಪೋಸ್ಟ್‌ನಾಗ ಆತು. ಈ ಸಲ ಆಕಳ ಇತಿಹಾಸ. ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆ ಡೈರಿಗೆ ಹಾಲು ಹಾಕೋರ ಮನಿ ಮುಂದ ಕಪ್ಪು-ಬಿಳಿ ಎಚ್‌ಎಫ್ ಮಿಶ್ರತಳಿ ಆಕಳು ಕಟ್ಟಿರ್ತಾವಲ್ಲ, ಅವುಗಳ ಬೀಗರು ಭಾಳ ದೂರದವರು.

1952ರಲ್ಲಿ ಅಮೆರಿಕದಾಗ ಒಂದು ಹೋಲ್‌ಸ್ಟೀನ್ ಹೋರಿ ಹುಟ್ಟಿತು. ಹೆಸರು ಓಸ್ಬೋರ್ನ್‌ಡೇಲ್ ಐವಾನ್‌ಹೋ. ಅದರ ಮಗಳಂದಿರು ಹಾಲಿಗೆ ಹೆಸರಾದರು. ಅದರ ಮೊಮ್ಮಗ, 1974ರಲ್ಲಿ ಹುಟ್ಟಿದ ಕಾರ್ಲಿನ್-ಎಂ ಐವಾನ್‌ಹೋ ಬೆಲ್, ಇನ್ನೂ ದೊಡ್ಡ ಸ್ಟಾರ್. ವೀರ್ಯ ಹೆಪ್ಪುಗಟ್ಟಿಸಿ ಇಡೋದು ಬಂದ ಮೇಲೆ ಒಂದು ಹೋರಿಗೆ ಸಾವಿರಾರು ಕರು, ಅದೂ ಹತ್ತಾರು ದೇಶದಾಗ.

ಆದ್ರ ಕೆಲವು ಕರುಗಳು ವಿಚಿತ್ರ ರೀತಿ ಸಾಯತೊಡಗಿದವು. ಬಾಯಾಗ ಹುಣ್ಣು, ಹಲ್ಲು ಸಡಿಲ, ಮ್ಯಾಲಿಂದ ಮ್ಯಾಲೆ ನ್ಯುಮೋನಿಯಾ, ಗಾಯ ಮಾಯೋದೇ ಇಲ್ಲ. ರಕ್ತ ಪರೀಕ್ಷೆ ಮಾಡಿದ್ರ ಬಿಳಿ ರಕ್ತಕಣ ವಿಪರೀತ ಹೆಚ್ಚು! ಸೈನಿಕರು ಅಷ್ಟು ಮಂದಿ ಇದ್ದೂ ಗಾಯದ ಹತ್ರ ಒಬ್ಬನೂ ಇಲ್ಲ.

ಯಾಕಂದ್ರ, ಬಿಳಿ ಕಣ ರಕ್ತನಾಳದಾಗ ಹರಿದು ಹೋಗ್ತಿರ್ತದ. ತುಂಗಭದ್ರಾ ಎಡದಂಡೆ ಕಾಲುವೆಯಾಗ ಬಿದ್ದಾಂವ ದಂಡಿ ಕಲ್ಲು ಹಿಡಿದು ಮ್ಯಾಲೆ ಬರ್ಬೇಕಲ್ಲ, ಹಂಗ ಕಣವೂ ನಾಳದ ಗೋಡೆ ಹಿಡಿದು ಹೊರಗೆ ನುಸುಳಬೇಕು. ಆ ಹಿಡಿತದ ಕೈಯೇ ಸಿಡಿ18 ಎಂಬ ಪ್ರೋಟೀನು. ಗೋಡೆಯ ಕಡೆ ಐಕ್ಯಾಮ್-1 ಎಂಬ ಇನ್ನೊಂದು ಪ್ರೋಟೀನ್ ಅದಕ್ಕೆ ಆಸರೆ. ಕೈ ಇಲ್ಲದ ಕಣ ಸುಮ್ಮನೆ ಸುತ್ತುತ್ತದೆ. ಇದೇ ಕೊರತೆ ಮನುಷ್ಯರ ಕೂಸುಗಳಲ್ಲಿ ಮೊದಲೇ ಗೊತ್ತಾಗಿತ್ತು. ಅಂಥ ಕೂಸಿನ ಹೊಕ್ಕಳಬಳ್ಳಿ ಬೀಳೋದೇ ತಡ.

1992ರಲ್ಲಿ ಅಯೋವಾದ ಡೇಲ್ ಶಸ್ಟರ್ ಮತ್ತು ಸಂಗಡಿಗರು ಮೂಲ ಹಿಡಿದರು. ಸಿಡಿ18 ಜೀನ್‌ನ 383ನೇ ಜಾಗದಾಗ ‘ಎ’ ಇರಬೇಕಾದಲ್ಲಿ ‘ಜಿ’ ಇತ್ತು. ಅಷ್ಟೇ. ಸತ್ತ ಕರುಗಳ ವಂಶಾವಳಿ ಹಿಂದಕ್ಕೆ ಎಳೆದಾಗ ಎಲ್ಲಾ ದಾರಿ ಹೋಗಿ ಮುಟ್ಟಿದ್ದು ಐವಾನ್‌ಹೋಗೆ. ಆಗ ಅಮೆರಿಕದ ಹೋಲ್‌ಸ್ಟೀನ್ ಹೋರಿಗಳಲ್ಲಿ ಸುಮಾರು 15%, ಆಕಳುಗಳಲ್ಲಿ 6% ಈ ತಪ್ಪಿನ ವಾಹಕ. ಹೋರಿನ ಬೈದು ಏನ್ ಬಂತು? ಹಾಲಿನ ಲೀಟರ್ ಒಂದೇ ನೋಡಿ ಒಂದೇ ವಂಶದ ಬೆನ್ನು ಹತ್ತಿದ್ದು ಮನುಷ್ಯರು. (ಬೆಲ್‌ನಿಂದ ಇನ್ನೊಂದು ರೋಗಾನೂ ಹಬ್ಬಿತು, ಅದು ಬ್ಯಾರೇ ಕತಿ.)

ವಾಹಕ ದನ ನೋಡಾಕ ಪೂರಾ ಗಟ್ಟಿಮುಟ್ಟು. ಹೋರಿ, ಆಕಳು ಎರಡೂ ವಾಹಕ ಆದ್ರ ಮಾತ್ರ ನಾಲ್ಕು ಕರುವಿನಾಗ ಒಂದಕ್ಕೆ ರೋಗ ಬರೋ ಸಂಭವ. ಭಾರತದ ಎಚ್‌ಎಫ್ ಮತ್ತು ಮಿಶ್ರತಳಿಗಳಲ್ಲೂ ವಾಹಕಗಳು ಸಿಕ್ಕಿವೆ. ಅದಕ್ಕೇ ಈಗ ವೀರ್ಯ ಕೇಂದ್ರಗಳ ಎಚ್‌ಎಫ್ ಹೋರಿಗಳಿಗೆ ಈ ಜೀನ್ ಪರೀಕ್ಷೆ ಕಡ್ಡಾಯ. ಊರಾಗ ತಿರುಗೋ ಮಿಶ್ರತಳಿ ಹೋರಿಗೆ ಆ ಪರೀಕ್ಷೆ ಯಾರೂ ಮಾಡಿಸಿರಲ್ಲ. ದನದ ದವಾಖಾನಿಯಾಗ ಹಾಕೋ ಕಡ್ಡಿ ಮ್ಯಾಲೆ ಹೋರಿ ನಂಬರ್ ಅಚ್ಚಾಗಿರ್ತದ. ಮುಂದಿನ ಸಲ ಅಪ್ಪಾಜಿ ಆಕಳು ಹೊಡಕೊಂಡು ಹೋದಾಗ ನೀವೂ ಹೋಗಿ ಅದರ ಫೋಟೋ ತಕ್ಕೊಂಡು ಇಟ್ಕೋರಿ.